ಹಾಲಿನ ಲೆಕ್ಕದಲ್ಲಿ ದಶಾಂಶ ಕತ್ತರಿಸುವ ಕೋಡ್: ಪ್ರೋಗ್ರಾಮರ್ ಆದವನ ಹೊಣೆ ಎಲ್ಲಿಯವರೆಗೆ?

ಪ್ರಶ್ನೆ (ಅಂತರಗಂಗೆ, ಕೋಲಾರ)

ಎಲ್ಲರಿಗೂ ನಮಸ್ಕಾರ. ಓದು ಮುಗಿಸಿ ಕೋಲಾರದ ಒಂದು ಸಣ್ಣ ಸಾಫ್ಟ್‌ವೇರ್ ಸಂಸ್ಥೆಗೆ ಸೇರಿದ್ದೇನೆ. ಇದು ನನ್ನ ಮೊದಲ ಕೆಲಸ. ಖಾಸಗಿ ಹಾಲು ಖರೀದಿದಾರರೊಬ್ಬರಿಗೆ ನಮ್ಮ ಸಂಸ್ಥೆ ಮಾಡಿಕೊಟ್ಟಿರುವ ತಂತ್ರಾಂಶ ಸುತ್ತಲಿನ ಹಳ್ಳಿಗಳ ಸಂಗ್ರಹಣಾ ಕೇಂದ್ರಗಳಲ್ಲಿ ಬಳಕೆಯಲ್ಲಿದೆ. ಬೆಳಿಗ್ಗೆ ಮತ್ತು ಸಂಜೆ ರೈತರು ತಂದ ಹಾಲಿನ ಪ್ರಮಾಣವನ್ನು ಯಂತ್ರ ಎರಡು ದಶಾಂಶ ಸ್ಥಾನಗಳವರೆಗೆ ಕೊಡುತ್ತದೆ. ಆದರೆ ಹಣ ಲೆಕ್ಕ ಹಾಕುವ ಫಂಕ್ಷನ್ (ಕೋಡಿನ ಒಂದು ಭಾಗ) ಎರಡನೆಯ ಸ್ಥಾನವನ್ನು ಕಿತ್ತುಹಾಕುತ್ತದೆ. ಯಂತ್ರ 6.48 ಲೀಟರ್ ಎಂದರೆ ರೈತನ ಚೀಟಿಯಲ್ಲಿ 6.4 ಎಂದು ಅಚ್ಚಾಗುತ್ತದೆ, ದುಡ್ಡೂ ಅಷ್ಟಕ್ಕೇ.

ಹಿರಿಯ ಸಹೋದ್ಯೋಗಿಯವರನ್ನು ಕೇಳಿದಾಗ, ಮೊದಲಿನಿಂದಲೂ ಹೀಗೇ ಇದೆ, ನಿನಗೆ ಕೊಟ್ಟಿರುವ ವರದಿಯ ಪುಟವನ್ನು ಮುಗಿಸು ಎಂದರು. ಅವರು ಕೆಟ್ಟವರಲ್ಲ, ನನಗೆ ಕೆಲಸ ಕಲಿಸಿದವರೇ. ಇನ್ನೊಂದು ವಿಷಯವೂ ಇದೆ. ರೈತರ ಫೋನ್ ಮತ್ತು ಬ್ಯಾಂಕ್ ಖಾತೆಯ ಸಂಖ್ಯೆಗಳಿರುವ ಅಸಲಿ ಡೇಟಾಬೇಸಿನ ಪ್ರತಿಯನ್ನೇ ಪರೀಕ್ಷೆಗೆಂದು ನಮ್ಮೆಲ್ಲರ ಲ್ಯಾಪ್‌ಟಾಪ್‌ಗಳಲ್ಲಿ ಇಟ್ಟುಕೊಂಡಿದ್ದೇವೆ.

ಈ ಎರಡರಲ್ಲೂ ನನ್ನ ಹೊಣೆ ಎಲ್ಲಿಯವರೆಗೆ? ಫಂಕ್ಷನ್‌ನಲ್ಲಿ ಒಂದು ಸಾಲು ತಿದ್ದಿದರೆ ಸರಿಹೋಗುತ್ತದೆ, ಸುಮ್ಮನೆ ತಿದ್ದಿಬಿಡಲೇ? ಕೆಲಸ ಕಳೆದುಕೊಳ್ಳುವ ಸ್ಥಿತಿಯಲ್ಲಿ ನಾನಿಲ್ಲ ಎಂಬುದನ್ನೂ ಗಮನದಲ್ಲಿಟ್ಟು ತಿಳಿದವರು ಹೇಳಬೇಕು.

ಉತ್ತರ 1 (ಕೈವಾರ, ಚಿಂತಾಮಣಿ)

ಸುಮ್ಮನೆ ತಿದ್ದಬೇಡಿ. ತಪ್ಪು ಲೆಕ್ಕ ಯಾರಿಗೂ ಹೇಳದೆ ಒಳಗೆ ಸೇರಿಕೊಂಡಿದೆ; ಸರಿಯಾದ ಲೆಕ್ಕವೂ ಯಾರಿಗೂ ಹೇಳದೆ ಸೇರಿದರೆ ನಾಳೆ ಬಟವಾಡೆಯ ಮೊತ್ತ ಏಕೆ ಬದಲಾಯಿತೆಂದು ಕೇಳಿದವರಿಗೆ ಉತ್ತರ ಸಿಗುವುದಿಲ್ಲ, ಮತ್ತು ನಿಮ್ಮ ಮೇಲಿನ ನಂಬಿಕೆಯೂ ಹೋಗುತ್ತದೆ.

ಮೊದಲು ಲೆಕ್ಕ ಹಾಕಿ ತೋರಿಸಿ. ಎರಡನೆಯ ಸ್ಥಾನದಲ್ಲಿ ಸೊನ್ನೆಯಿಂದ ಒಂಬತ್ತರವರೆಗಿನ ಅಂಕಿಗಳು ಸಮನಾಗಿ ಬರುತ್ತವೆ ಎಂದುಕೊಂಡರೆ, ಪ್ರತಿ ಸಲ ಹಾಲು ಹಾಕಿದಾಗ ಸರಾಸರಿ 45 ಮಿಲಿಲೀಟರ್ ಬಿಟ್ಟುಹೋಗುತ್ತದೆ. ದಿನಕ್ಕೆ ಎರಡು ಹೊತ್ತು, ತಿಂಗಳಿಗೆ 30 ದಿನ ಎಂದರೆ ಒಬ್ಬ ರೈತನಿಗೆ 2.7 ಲೀಟರ್, ನೂರು ಜನ ಹಾಲು ಹಾಕುವ ಕೇಂದ್ರದಲ್ಲಿ 270 ಲೀಟರ್. ಹತ್ತಿರದ ಅಂಕಿಗೆ ಸರಿಪಡಿಸುವ ಪದ್ಧತಿಯಲ್ಲಾದರೆ ಕೆಲವು ಸಲ ಹೆಚ್ಚು, ಕೆಲವು ಸಲ ಕಡಿಮೆ ಬಂದು ಬಹುಮಟ್ಟಿಗೆ ಸರಿದೂಗುತ್ತದೆ. ಕತ್ತರಿಸುವ ಪದ್ಧತಿಯಲ್ಲಿ ನಷ್ಟ ಯಾವಾಗಲೂ ಒಬ್ಬರದೇ, ಲಾಭ ಯಾವಾಗಲೂ ಇನ್ನೊಬ್ಬರದೇ. ಹನಿಹನಿಗೂಡಿದರೆ ಹಳ್ಳ ಎಂಬ ಮಾತು ಇಲ್ಲಿ ಅಕ್ಷರಶಃ ನಿಜ.

ಇದು ಹೊಸ ತಪ್ಪೇನಲ್ಲ. ಕೆನಡಾದ ವ್ಯಾಂಕೂವರ್ ಷೇರುಪೇಟೆ 1982ರಲ್ಲಿ 1,000 ಅಂಶಗಳಿಂದ ಒಂದು ಸೂಚ್ಯಂಕವನ್ನು ಆರಂಭಿಸಿತು. ಪ್ರತಿ ವ್ಯವಹಾರದ ನಂತರ ಮೌಲ್ಯವನ್ನು ಮೂರು ದಶಾಂಶ ಸ್ಥಾನಗಳಿಗೆ ಸರಿಪಡಿಸುವ ಬದಲು ಕತ್ತರಿಸುತ್ತಿದ್ದರು. ಸುಮಾರು 22 ತಿಂಗಳಲ್ಲಿ ಅದು 525ರ ಆಸುಪಾಸಿಗೆ ಇಳಿದಿತ್ತು. ಮತ್ತೆ ಸರಿಯಾಗಿ ಲೆಕ್ಕ ಹಾಕಿದಾಗ ಬಂದದ್ದು 1,098ಕ್ಕಿಂತ ಸ್ವಲ್ಪ ಹೆಚ್ಚು. ಅಲ್ಲಿ ಯಾರೂ ಬೇಕೆಂದು ಕದ್ದಿರಲಿಲ್ಲ. ನಿಮ್ಮಲ್ಲೂ ಬೇಕೆಂದೇ ಮಾಡಿದ್ದಾರೆ ಎಂದು ಮೊದಲೇ ತೀರ್ಮಾನಿಸದೆ, ದೋಷ ಎಂದೇ ಕರೆದು ವರದಿ ಮಾಡಿ.

ವರದಿ ಲಿಖಿತವಾಗಿರಲಿ. ಯಂತ್ರದ ಅಂಕಿ, ಚೀಟಿಯ ಅಂಕಿ, ವ್ಯತ್ಯಾಸದ ಹಣ, ಈ ಮೂರು ಕಂಬಸಾಲುಗಳಿರುವ ಒಂದು ಪುಟ ಸಾಕು. ಅದರ ಜೊತೆಗೆ 6.48 ಕೊಟ್ಟರೆ 6.48 ಲೀಟರಿನ ಹಣವೇ ಬರಬೇಕೆಂದು ಪರಿಶೀಲಿಸುವ ಒಂದು ಟೆಸ್ಟ್ ಬರೆದು ತೋರಿಸಿ. ಹಾಗೆಯೇ ಹಣವನ್ನು ಫ್ಲೋಟ್ ಆಗಿ, ಅಂದರೆ ದಶಾಂಶ ಸಂಖ್ಯೆಯನ್ನು ಕಂಪ್ಯೂಟರ್ ಅಂದಾಜಾಗಿ ಇಟ್ಟುಕೊಳ್ಳುವ ರೀತಿಯಲ್ಲಿ, ಇಟ್ಟಿದ್ದಾರೆಯೇ ನೋಡಿ. 0.1 ಮತ್ತು 0.2 ಕೂಡಿಸಿದರೆ 0.30000000000000004 ಎನ್ನುವ ಮಾದರಿ ಅದು. ದುಡ್ಡಿನ ಲೆಕ್ಕಕ್ಕೆ ಪೈಸೆಗಳ ಪೂರ್ಣಾಂಕ ಅಥವಾ ದಶಾಂಶವನ್ನು ನಿಖರವಾಗಿ ಇಡುವ ಡೆಸಿಮಲ್ ಮಾದರಿಯೇ ತಕ್ಕದ್ದು, ಮತ್ತು ಹತ್ತಿರದ ಅಂಕಿಗೆ ಸರಿಪಡಿಸುವುದೇನಿದ್ದರೂ ಕೊನೆಯ ಮೊತ್ತದಲ್ಲಿ ಒಂದೇ ಸಲ.

ಉತ್ತರ 2 (ಹಳೇ ಕಾರ್ಯದರ್ಶಿ, ಮಾಲೂರು)

ನಾನು ಪ್ರೋಗ್ರಾಮರ್ ಅಲ್ಲ; ಹಳ್ಳಿಯ ಡೇರಿಯೊಂದರಲ್ಲಿ ಬಹಳ ವರ್ಷ ಲೆಕ್ಕ ಬರೆದವನು. ಖರೀದಿದಾರರು ಏನು ಹೇಳಬಹುದೆಂಬುದು ನನಗೆ ಗೊತ್ತು: ಕ್ಯಾನಿನಿಂದ ಕ್ಯಾನಿಗೆ ಸುರಿಯುವಾಗ ಹಾಲು ಚೆಲ್ಲುತ್ತದೆ, ಸಾಗಣೆಯಲ್ಲಿ ಕಡಿಮೆ ಬರುತ್ತದೆ, ಅದನ್ನು ಯಾರು ತುಂಬಿಕೊಡಬೇಕು ಎನ್ನುತ್ತಾರೆ. ಆ ಮಾತಿನಲ್ಲಿ ಸ್ವಲ್ಪ ಹುರುಳಿದೆ. ಹಾಗಿದ್ದರೆ ಚೀಟಿಯಲ್ಲಿ ಕಡಿತ ಎಂದು ಒಂದು ಸಾಲು ಹಾಕಿ, ಎಷ್ಟೆಂದು ಅಚ್ಚು ಮಾಡಿಸಲಿ. ಒಪ್ಪುವವರು ಒಪ್ಪುತ್ತಾರೆ, ಒಪ್ಪದವರು ಬೇರೆ ಕಡೆ ಹಾಕುತ್ತಾರೆ.

ತೂಕದ ಯಂತ್ರವನ್ನು ಕಾನೂನು ಮಾಪನಶಾಸ್ತ್ರ ಇಲಾಖೆಯವರು ಪರೀಕ್ಷಿಸಿ ಮುದ್ರೆ ಹಾಕುತ್ತಾರೆ. ರೈತ ಆ ಮುದ್ರೆ ನೋಡಿ ನಂಬುತ್ತಾನೆ. ಅಂಕಿ ಯಂತ್ರದಿಂದ ಕಂಪ್ಯೂಟರಿನೊಳಗೆ ಹೋದ ಮೇಲೆ ಏನಾಯಿತೆಂದು ನೋಡುವವರು ನಿಮ್ಮಂಥವರು ಮಾತ್ರ. ಕೈಬರಹದ ಪುಸ್ತಕವಿದ್ದಾಗ ಯಾರು ಬೇಕಾದರೂ ಹಾಳೆ ತಿರುವಿ ಜಗಳ ಆಡಬಹುದಿತ್ತು. ಕೋಡನ್ನು ತಿರುವಿ ನೋಡಲು ನಮ್ಮ ಜನಕ್ಕೆ ಬರುವುದಿಲ್ಲ.

ಉತ್ತರ 3 (ರೇಷ್ಮೆಗೂಡು, ಶಿಡ್ಲಘಟ್ಟ)

ಗ್ರಾಹಕರು ಕೇಳಿದ್ದೇ ಹೀಗೆ ಎಂಬ ಉತ್ತರ ಬಂದರೆ ಏನು ಮಾಡಬೇಕೆಂಬುದನ್ನೂ ಈಗಲೇ ಯೋಚಿಸಿಕೊಳ್ಳಬೇಕು. ಕಂಪ್ಯೂಟರ್ ವೃತ್ತಿಪರರ ಅಂತರರಾಷ್ಟ್ರೀಯ ಸಂಘಗಳಾದ ಎಸಿಎಂ ಮತ್ತು ಐಇಇಇ ಕಂಪ್ಯೂಟರ್ ಸೊಸೈಟಿ ಸೇರಿ 1999ರಲ್ಲಿ ಒಪ್ಪಿದ ಸಾಫ್ಟ್‌ವೇರ್ ಎಂಜಿನಿಯರುಗಳ ನೀತಿಸಂಹಿತೆಯಲ್ಲಿ ಎಂಟು ತತ್ವಗಳಿವೆ. ಮೊದಲನೆಯದು ಸಾರ್ವಜನಿಕರ ಹಿತ. ಗ್ರಾಹಕ ಮತ್ತು ಮಾಲೀಕರ ಹಿತ ಬರುವುದು ಅದರ ನಂತರ, ಅದೂ ಸಾರ್ವಜನಿಕರ ಹಿತಕ್ಕೆ ಹೊಂದುವ ಮಟ್ಟಿಗೆ. ಮೇಲಿನವರು ಹೇಳಿದಂತೆ ಬರೆದೆ ಎಂಬುದು ನ್ಯಾಯಾಲಯದಲ್ಲೂ ರಕ್ಷಣೆಯಾಗಲಿಲ್ಲ. ಪರೀಕ್ಷೆ ನಡೆಯುವಾಗ ಮಾತ್ರ ಹೊಗೆ ಕಡಿಮೆ ಮಾಡುವ ತಂತ್ರಾಂಶವನ್ನು ಫೋಕ್ಸ್‌ವ್ಯಾಗನ್ ಡೀಸೆಲ್ ಕಾರುಗಳಲ್ಲಿ ಅಳವಡಿಸಿದ್ದು 2015ರಲ್ಲಿ ಹೊರಬಂದಾಗ, ಜೇಮ್ಸ್ ಲಿಯಾಂಗ್ ಎಂಬ ಎಂಜಿನಿಯರ್ ತಪ್ಪೊಪ್ಪಿಕೊಂಡರು. 2017ರಲ್ಲಿ ಅಮೆರಿಕದ ನ್ಯಾಯಾಲಯ ಅವರಿಗೆ 40 ತಿಂಗಳ ಸೆರೆ ವಿಧಿಸಿತು.

ಹಾಗೆಂದು ನಾಳೆಯೇ ರಾಜೀನಾಮೆ ಕೊಡಿ ಎಂದು ನಾನು ಹೇಳಲಾರೆ, ಏಕೆಂದರೆ ಮನೆಯಲ್ಲಿ ಒಲೆ ಉರಿಯುವುದು ನಿಮ್ಮ ಸಂಬಳದಿಂದ ಇರಬಹುದು. ಮೊದಲು ಹಿರಿಯರಿಗೆ, ಅಲ್ಲಿ ಆಗದಿದ್ದರೆ ಸಂಸ್ಥೆಯ ಮುಖ್ಯಸ್ಥರಿಗೆ ಇಮೇಲ್ ಮೂಲಕ ತಿಳಿಸಿ. ಅವರ ನಿರ್ಧಾರವನ್ನು ಬರಹದಲ್ಲೇ ಕೇಳಿ. ಬಾಯಿಮಾತಿನಲ್ಲಿ ಸಲೀಸಾಗಿ ಹೇಳಿಬಿಡುವ ಎಷ್ಟೋ ಸಂಗತಿಗಳನ್ನು ಸಹಿ ಹಾಕಿ ಬರೆದುಕೊಡಲು ಜನ ಹಿಂಜರಿಯುತ್ತಾರೆ. ಮುಂದೆ ಅದೇ ಫಂಕ್ಷನ್ ವಿಸ್ತರಿಸಲು ನಿಮಗೇ ಹೇಳಿದರೆ, ಆಗ ನಿರಾಕರಿಸುವ ಹಕ್ಕು ನಿಮಗಿದೆ, ಮತ್ತು ಅದನ್ನು ಬಳಸಬೇಕು ಎಂಬುದೇ ನನ್ನ ಅಭಿಪ್ರಾಯ.

ಲ್ಯಾಪ್‌ಟಾಪ್‌ಗಳ ವಿಷಯದಲ್ಲಿ ಚರ್ಚೆಗೆ ಜಾಗವೇ ಇಲ್ಲ. ವೈಯಕ್ತಿಕ ಮಾಹಿತಿಗೆ ತಕ್ಕ ಭದ್ರತೆ ಒದಗಿಸದಿದ್ದರೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ 250 ಕೋಟಿ ರೂಪಾಯಿಗಳವರೆಗೆ ದಂಡಕ್ಕೆ ಅವಕಾಶವಿದೆ. ಪರೀಕ್ಷೆಗೆ ಕಲ್ಪಿತ ಹೆಸರು, ಕಲ್ಪಿತ ಖಾತೆ ಸಂಖ್ಯೆಗಳನ್ನು ತುಂಬುವ ಒಂದು ಸ್ಕ್ರಿಪ್ಟ್ ನೀವೇ ಬರೆದುಕೊಡಿ. ಕೋಡಿನ ಬದಲಾವಣೆಗಳ ದಾಖಲೆ ಇಡುವ ಗಿಟ್‌ನಲ್ಲಿ ಅಸಲಿ ಡೇಟಾಬೇಸಿನ ಆ ಪ್ರತಿ ಒಮ್ಮೆಯಾದರೂ ಸೇರಿದ್ದರೆ ಫೈಲ್ ಅಳಿಸಿದ ಮಾತ್ರಕ್ಕೆ ಹೋಗುವುದಿಲ್ಲ, ಇತಿಹಾಸದಲ್ಲಿ ಉಳಿದಿರುತ್ತದೆ, ಅದನ್ನೂ ತೆಗೆಸಬೇಕು.

ಪ್ರಶ್ನೆ ಕೇಳಿದವರ ಮರುನುಡಿ (ಅಂತರಗಂಗೆ, ಕೋಲಾರ)

ಎಲ್ಲರಿಗೂ ಧನ್ಯವಾದಗಳು. ಸ್ಕ್ರಿಪ್ಟ್ ಬರೆಯಲು ಇಂದೇ ಶುರುಮಾಡುತ್ತೇನೆ. ಡೇಟಾಬೇಸ್‌ನಲ್ಲಿ ಹುಡುಕಿದಾಗ ಯಂತ್ರ ಕಳಿಸಿದ ಮೂಲ ಅಂಕಿಗಳು ಬೇರೊಂದು ಟೇಬಲ್‌ನಲ್ಲಿ ಹಾಗೇ ಇರುವುದು ಕಂಡಿತು. ಆಗಿಹೋದ ಬಟವಾಡೆಗಳ ಬಾಕಿಯನ್ನೂ ವರದಿಯಲ್ಲಿ ಸೇರಿಸಬೇಕೇ, ಅಥವಾ ಇನ್ನು ಮುಂದಿನದನ್ನು ಸರಿಪಡಿಸಿ ಎಂದಷ್ಟೇ ಕೇಳಿದರೆ ಒಪ್ಪಿಗೆ ಸುಲಭವಾಗಿ ಸಿಗಬಹುದೇ?

ಉತ್ತರ 4 (ಕೈವಾರ, ಚಿಂತಾಮಣಿ)

ಎರಡನ್ನೂ ಬರೆಯಿರಿ, ಆದರೆ ಬೇರೆ ಬೇರೆ ಕಂಡಿಕೆಗಳಲ್ಲಿ. ಮುಂದಿನ ತಿದ್ದುಪಡಿಗೆ ಯಾರ ಒಪ್ಪಿಗೆ ಬೇಕೋ ಅವರು ನಿಮ್ಮ ಸಂಸ್ಥೆಯಲ್ಲೇ ಇದ್ದಾರೆ. ಹಿಂದಿನ ಬಾಕಿ ಕೊಡಬೇಕಾದವರು ಖರೀದಿದಾರರು. ಮೊದಲನೆಯದು ಎರಡನೆಯದಕ್ಕಾಗಿ ಕಾಯಬೇಕಾಗಿಲ್ಲ. ರೈತವಾರು ವ್ಯತ್ಯಾಸದ ಪಟ್ಟಿಯನ್ನು ಮಾತ್ರ ಈಗಲೇ ತಯಾರಿಸಿ ಆಫೀಸಿನ ಸರ್ವರಿನಲ್ಲೇ ಇಡಿ, ಮೂಲ ಅಂಕಿಗಳ ಆ ಟೇಬಲನ್ನು ಜಾಗ ಸಾಲದೆಂದು ಯಾರೂ ಖಾಲಿ ಮಾಡದಂತೆ ಹಿರಿಯರಿಗೆ ಇವತ್ತೇ ತಿಳಿಸಿ.