ತೋಳು ಹಿಡಿದ ಹುಡುಗಿ ಸುಳ್ಳು ಹೇಳಿದಳೇ?

ಡೊಂಬಿವಲಿ ಪ್ರಯಾಣಿಕೆ

ಸುಓ ಮಸಾಯುಕಿ ನಿರ್ದೇಶಿಸಿ, 2007ರಲ್ಲಿ ಜಪಾನಿನಲ್ಲಿ ತೆರೆಕಂಡ ‘ಸೊರೆದೆಮೊ ಬೊಕು ವಾ ಯಾತ್ತೆನಾಯ್’ ಚಿತ್ರವನ್ನು ಮೊನ್ನೆ ರಾತ್ರಿ ನೋಡಿದೆ. ‘ಆದರೂ ನಾನು ಮಾಡಿಲ್ಲ’ ಎಂದು ಅದರ ಅರ್ಥ. ಕೆಲಸದ ಸಂದರ್ಶನಕ್ಕೆ ಹೊರಟ ತೆಪ್ಪೇ ಎಂಬ ಯುವಕ ಕಿಕ್ಕಿರಿದ ರೈಲು ಹತ್ತುತ್ತಾನೆ. ಕೋಟಿನ ಅಂಚು ಬಾಗಿಲಿಗೆ ಸಿಕ್ಕಿಕೊಳ್ಳುತ್ತದೆ, ಬಿಡಿಸಿಕೊಳ್ಳಲು ಒದ್ದಾಡುತ್ತಾನೆ. ಇಳಿದ ಕೂಡಲೇ 15 ವರ್ಷದ ಶಾಲಾ ಹುಡುಗಿ ಅವನ ತೋಳು ಹಿಡಿಯುತ್ತಾಳೆ, ತನ್ನ ಮೈ ಮುಟ್ಟಿದವನು ಇವನೇ ಎಂದು. ತಪ್ಪೊಪ್ಪಿಕೊಂಡರೆ ದಂಡ ಕಟ್ಟಿ ಮನೆಗೆ ಹೋಗಬಹುದು. ಅವನು ಒಪ್ಪುವುದಿಲ್ಲ.

ನಮ್ಮ ಮುಂಬೈಯ ಹಳೆಯ ಲೋಕಲ್ ರೈಲುಗಳ ಬಾಗಿಲು ಮುಚ್ಚುವುದೇ ಇಲ್ಲವಾದ್ದರಿಂದ ಈ ಕೋಟಿನ ಕಥೆ ಇಲ್ಲಿಯವರಿಗೆ ವಿಚಿತ್ರವೆನಿಸಬಹುದು. ನನಗೆ ಅನಿಸಲಿಲ್ಲ. ಹೋದ ವರ್ಷ ಎಸಿ ಲೋಕಲ್‌ನಲ್ಲಿ ಠಾಣೆ ನಿಲ್ದಾಣ ಬಿಡುವಾಗ ನನ್ನ ದುಪಟ್ಟಾ ಬಾಗಿಲಿಗೆ ಸಿಕ್ಕಿಕೊಂಡಿತ್ತು. ಘಾಟ್ಕೋಪರ್‌ವರೆಗೂ ಕೈ ಹಿಂದೆ ಮಾಡಿ ಜಗ್ಗುತ್ತಲೇ ಇದ್ದೆ. ಪಕ್ಕದವರಿಗೆ ಎಷ್ಟು ಸಲ ಮೊಣಕೈ ತಾಗಿತೋ! ಹಾಗಾಗಿ ತೆಪ್ಪೇಯನ್ನು ನಂಬಿದೆ.

ಆದರೆ ಪರದೆಯ ಮರೆಯಲ್ಲಿ ನಿಂತು ಸಾಕ್ಷಿ ನುಡಿಯುವ ಆ ಹುಡುಗಿಯನ್ನು ಸುಳ್ಳುಗಾರ್ತಿ ಎನ್ನಲು ನನಗೆ ಬಾಯಿ ಬರುವುದಿಲ್ಲ. ಇಪ್ಪತ್ತೆರಡು ವರ್ಷದಿಂದ ಇದೇ ಹಳಿಯ ಮೇಲೆ ಓಡಾಡುತ್ತಿದ್ದೇನೆ, ಅವಳ ಸಂಕಟ ನನಗೆ ಗೊತ್ತು. ಇಬ್ಬರೂ ನಿಜ ಹೇಳುತ್ತಿದ್ದರೆ ನ್ಯಾಯಾಲಯ ಏನು ಮಾಡಬೇಕು? ತಿಳಿದವರು ಹೇಳಿ.

ನಿವೃತ್ತ ಬೆಂಚ್ ಕ್ಲಾರ್ಕ್, ಮಾಟುಂಗಾ

ತಂಗೀ, ಮುಂಬೈಯ ಕೋರ್ಟುಗಳಲ್ಲಿ ನ್ಯಾಯಾಧೀಶರ ಕೆಳಗೆ ಕುಳಿತು ಮೂವತ್ತೊಂದು ವರ್ಷ ಕಡತ ಕಟ್ಟಿದವನು ನಾನು. ನಿಮ್ಮ ಪ್ರಶ್ನೆ ಓದಿ ಚಿತ್ರವನ್ನು ಎರಡು ಬಾರಿ ನೋಡಿದೆ.

ನನ್ನ ಎದೆಗೆ ನಾಟಿದ್ದು ನ್ಯಾಯಾಧೀಶರು ನಡುವೆ ಬದಲಾಗುವ ಭಾಗ. ಮೊದಲಿನವರು, ಸಂಶಯ ಉಳಿದರೆ ಆರೋಪಿಯನ್ನು ಬಿಡಬೇಕು ಎಂದು ನಂಬಿದವರು. ಅವರ ಜಾಗಕ್ಕೆ ಬೇರೊಬ್ಬರು ಬರುತ್ತಾರೆ. ಹುಡುಗಿ ಉತ್ತರಿಸಲು ತಡವರಿಸಿದ ಕ್ಷಣವಾಗಲಿ, ಅವಳ ದನಿ ಏರಿಳಿದದ್ದಾಗಲಿ ಕಡತದಲ್ಲಿ ಇರುವುದಿಲ್ಲ. ನಮ್ಮಲ್ಲೂ ವರ್ಗಾವಣೆಯಾಗಿ ಬಂದವರು ಹಿಂದಿನವರು ದಾಖಲಿಸಿದ ಸಾಕ್ಷ್ಯದ ಮೇಲೆಯೇ ತೀರ್ಪು ಬರೆಯಬಹುದು. ಅಂಥ ಕಡತಗಳನ್ನು ಹೊಸಬರ ಮೇಜಿನ ಮೇಲೆ ಇಡುವಾಗ ನನ್ನ ಕೈ ಭಾರವಾಗುತ್ತಿತ್ತು.

ಒಂದು ವಿಷಯದಲ್ಲಿ ನಮ್ಮ ಕಾನೂನು ಗಟ್ಟಿ. ಪೊಲೀಸರ ಮುಂದೆ ಕೊಟ್ಟ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಕ್ಷ್ಯವಾಗಿ ಬಳಸುವಂತಿಲ್ಲ ಎಂದು 1872ರ ಸಾಕ್ಷ್ಯ ಕಾಯ್ದೆಯ 25ನೇ ಕಲಂ ಹೇಳಿತ್ತು, ಹೊಸ ಕಾಯ್ದೆಯೂ ಅದನ್ನು ಉಳಿಸಿಕೊಂಡಿದೆ. ಜಪಾನಿನಲ್ಲಿ ದೋಷಾರೋಪ ಹೊರಿಸುವ ಮುನ್ನವೇ 23 ದಿನ ಬಂಧನದಲ್ಲಿಟ್ಟು ಪ್ರಶ್ನಿಸಬಹುದು. ವಿಚಾರಣೆಗೆ ಬಂದ ಪ್ರಕರಣಗಳಲ್ಲಿ ಶೇ. 99ಕ್ಕಿಂತ ಹೆಚ್ಚಿನವು ಶಿಕ್ಷೆಯಲ್ಲೇ ಮುಗಿಯುತ್ತವೆ.

ನೀವು ಕೇಳಿದ್ದಕ್ಕೆ ಬರುತ್ತೇನೆ. ಹುಡುಗಿ ಸುಳ್ಳು ಹೇಳಿಲ್ಲ. ಅವಳ ಮೈಯನ್ನು ಒಂದು ಕೈ ಮುಟ್ಟಿತು, ಅವಳು ಒಂದು ತೋಳು ಹಿಡಿದಳು. ಆ ಕೈ ಈ ತೋಳಿನದೇ ಎಂದು ತೋರಿಸುವ ಹೊಣೆ ಅವಳದಲ್ಲ, ಸರ್ಕಾರಿ ವಕೀಲರದು. ತೋರಿಸಲಾಗದಿದ್ದರೆ ಅವನನ್ನು ಬಿಡಬೇಕು. ಹಾಗೆ ಬಿಟ್ಟರೆ ಅವಳನ್ನು ಸುಳ್ಳುಗಾರ್ತಿ ಎಂದಂತೆ ಅಲ್ಲವೇ ಅಲ್ಲ.

ಪುಣೆಯ ವೀಕ್ಷಕ

ಅಕ್ಕ, ಇದರಲ್ಲಿ ಹಿರಿಯ ವಕೀಲರಾಗಿರುವ ಯಾಕುಶೊ ಕೋಜಿ ಅವರೇ ಕೊರೆ-ಎಡ ಹಿರೊಕಾಜು ಅವರ 2017ರ ‘ಸಾಂದೊಮೆ ನೊ ಸತ್ಸುಜಿನ್’ ಚಿತ್ರದಲ್ಲಿ ಕೊಲೆ ಆರೋಪಿ. ಭೇಟಿಯ ಕೋಣೆಯ ಗಾಜಿನಲ್ಲಿ ವಕೀಲನ ಮುಖವೂ ಆರೋಪಿಯ ಮುಖವೂ ಒಂದರ ಮೇಲೊಂದು ಕೂರುವ ದೃಶ್ಯಕ್ಕಾಗಿಯಾದರೂ ನೋಡಿ. ಅಲ್ಲಿ ಆರೋಪಿಯ ಮಾತೇ ಮತ್ತೆ ಮತ್ತೆ ಬದಲಾಗುತ್ತದೆ. ನನಗೆ ನೀವು ನೋಡಿದ ಚಿತ್ರವೇ ಹೆಚ್ಚು ನೋಯಿಸಿತು. ಏಕೆಂದರೆ ಇಲ್ಲಿ ಅವನು ಮೊದಲ ದಿನದಿಂದ ಒಂದೇ ಮಾತು ಹೇಳುತ್ತಾನೆ. ಮೂರು ತಿಂಗಳ ಸೆರೆವಾಸ, ಆದರೆ ಆ ಶಿಕ್ಷೆಯ ಜಾರಿ ಮೂರು ವರ್ಷ ಅಮಾನತು ಎಂಬ ತೀರ್ಪು ಕೇಳಿದ ಮೇಲೂ ಮೇಲ್ಮನವಿ ಸಲ್ಲಿಸುತ್ತೇನೆ ಎನ್ನುತ್ತಾನೆ.

ಡೊಂಬಿವಲಿ ಪ್ರಯಾಣಿಕೆ

ಹಿರಿಯರೇ, ‘ಒಂದು ಕೈ, ಒಂದು ತೋಳು’ ಎಂದು ನೀವು ಬರೆದದ್ದನ್ನು ಓದಿದ ಮೇಲೆ ನಿನ್ನೆ ನಿದ್ದೆ ಬರಲಿಲ್ಲ. ಮೊದಲು ಬರೆಯದೆ ಬಿಟ್ಟದ್ದನ್ನು ಈಗ ಬರೆಯುತ್ತೇನೆ. ಆಗ ನನಗೆ ಹತ್ತೊಂಬತ್ತು ವರ್ಷ. ಮಹಿಳೆಯರ ಡಬ್ಬಿ ತಪ್ಪಿಹೋಗಿ ಜನರಲ್‌ಗೆ ಹತ್ತಿದ್ದೆ. ಕುರ್ಲಾ ದಾಟಿದ ಮೇಲೆ ಒಂದು ಕೈ. ಹಿಡಿದೆ, ಜಾರಿತು, ಮತ್ತೆ ಹಿಡಿದೆ. ದಾದರ್‌ನಲ್ಲಿ ಜನ ಅವನನ್ನು ಕೆಳಗಿಳಿಸಿ ಹೊಡೆದರು. ಅವನು ಮರಾಠಿಯಲ್ಲಿ ‘ನಾನಲ್ಲ, ನಾನಲ್ಲ’ ಎನ್ನುತ್ತಿದ್ದ. ಎಲ್ಲರೂ ಹಾಗೆಯೇ ಅನ್ನುತ್ತಾರೆ ಎಂದುಕೊಂಡು ನಾನು ಮೆಟ್ಟಿಲು ಹತ್ತಿ ಹೋದೆ.

ಎರಡನೇ ಬಾರಿ ಹಿಡಿದದ್ದು ಮೊದಲು ಹಿಡಿದ ಕೈಯನ್ನೇ ಎಂದು ಇಷ್ಟು ವರ್ಷ ನಂಬಿದ್ದೆ.