‘ಪ್ರವೇಶ’ ಮತ್ತು ‘ದಾಖಲಾತಿ’ಯ ಆಚೆಗೆ ಒಂದು ಪದ ಬೇಕು

ಎಲ್ಲರಿಗೂ ನಮಸ್ಕಾರ. ಉಡುಪಿಯ ಒಂದು ಕಾಲೇಜಿನಲ್ಲಿ ವಿದ್ಯಾರ್ಥಿಗಳ ಅಂಕಿ-ಅಂಶ ಬರೆಯುವ ಕೆಲಸ ನನ್ನದು. ಈ ಸಲ ವರದಿ ಕನ್ನಡದಲ್ಲೂ ಬೇಕು. ಇಂಗ್ಲಿಷಿನ ‘ಆಕ್ಸೆಸ್’ ಎಂಬ ಒಂದು ಪದಕ್ಕೆ ಬಂದು ನಿಂತಿದ್ದೇನೆ.

ಅಡ್ಮಿಷನ್‌ಗೂ ‘ಪ್ರವೇಶ’, ಆಕ್ಸೆಸ್‌ಗೂ ‘ಪ್ರವೇಶ’ ಎಂದೇ ಬರೆಯುತ್ತೇವೆ. ಎರಡೂ ಒಂದೇ ಅಲ್ಲ, ಅಲ್ವಾ? “ಪರಿಶಿಷ್ಟ ಪಂಗಡದ ಮಕ್ಕಳ ಪ್ರವೇಶ ಹೆಚ್ಚಿದೆ” ಅಂದರೆ ಸೀಟು ಪಡೆದವರು ಜಾಸ್ತಿಯಾದರು ಅಂತಲೋ, ಓದುವ ದಾರಿ ಸಲೀಸಾಯಿತು ಅಂತಲೋ? ನಮ್ಮ ಜಿಲ್ಲೆಯಲ್ಲಿ ‘ಪ.ಪಂ.’ ಎಂಬ ಒಂದೇ ಕಾಲಂನೊಳಗೆ ಮರಾಟಿ, ಮಲೆಕುಡಿಯ, ಕೊರಗ ಸಮುದಾಯದವರೆಲ್ಲರೂ ಬರುತ್ತಾರೆ. ಒಬ್ಬ ಕೊರಗ ಹುಡುಗಿಯೂ ಸೇರದೆ ಆ ಕಾಲಂ ತುಂಬಬಹುದು. ಇದು ನನ್ನನ್ನು ತುಂಬಾ ಕಾಡುತ್ತದೆ.

‘ದಾಖಲಾತಿ’ ನೋಡೋಣ. ಅರಬ್ಬಿಯ ‘ದಾಖಿಲ್’ ಅಂದರೆ ಒಳಗೆ ಬರುವುದು. ಕನ್ನಡಕ್ಕೆ ಬಂದಮೇಲೆ ಅದು ಪುಸ್ತಕದಲ್ಲಿ ಬರೆದಿಡುವುದೂ ಆಯಿತು. ಎನ್‌ರೋಲ್‌ಮೆಂಟ್‌ಗೆ ಇದು ಸರಿಯಾಗಿ ಒಪ್ಪುತ್ತದೆ. ‘ಒಟ್ಟು ದಾಖಲಾತಿ ಅನುಪಾತ’ (ಗ್ರಾಸ್ ಎನ್‌ರೋಲ್‌ಮೆಂಟ್ ರೇಷಿಯೊ) ಅನ್ನುವಾಗ ಮಾತ್ರ ಆ ‘ಒಟ್ಟು’ ಓದುಗರನ್ನು ದಾರಿ ತಪ್ಪಿಸುತ್ತದೆ. ಉನ್ನತ ಶಿಕ್ಷಣದ ಅಖಿಲ ಭಾರತ ಸಮೀಕ್ಷೆಯಲ್ಲಿ 2021-22ರ ಅನುಪಾತ ಶೇಕಡಾ 28.4. ಭಾಗಿಸುವುದು 18ರಿಂದ 23 ವಯಸ್ಸಿನವರ ಸಂಖ್ಯೆಯಿಂದ. ಭಿನ್ನರಾಶಿಯ ಮೇಲೆ ಇಡುವುದು ಎಲ್ಲ ವಯಸ್ಸಿನ ವಿದ್ಯಾರ್ಥಿಗಳನ್ನು. 30 ದಾಟಿ ಎಂ.ಎ.ಗೆ ಸೇರಿದವರೂ ಅದರಲ್ಲಿದ್ದಾರೆ. ಹಾಗಾಗಿ “ನೂರು ಯುವಕರಲ್ಲಿ 28 ಮಂದಿ ಕಾಲೇಜಿನಲ್ಲಿ” ಎಂದು ಬರೆದರೆ ತಪ್ಪು. ‘ಎಲ್ಲ ವಯಸ್ಸಿನ ದಾಖಲಾತಿ ಅನುಪಾತ’ ಅಂದರೆ ಹೇಗೆ?

ಇನ್ನು ಆಕ್ಸೆಸ್. ‘ಅವಕಾಶ’ ಎಂದು ಬರೆದು ನೋಡಿದೆ. ಆದರೆ ಅವಕಾಶ ಕಾಗದದ ಮೇಲೂ ಇರುತ್ತದೆ. ಸೀಟು ಸಿಕ್ಕಿಯೂ ಸೇರದ ಒಬ್ಬ ಹುಡುಗಿ ನೆನಪಾಗುತ್ತಾಳೆ. ಬೈಂದೂರಿನ ಒಳಗಿನ ಊರು. ಸಂಜೆ ಲ್ಯಾಬ್ ಮುಗಿಸಿ ಹೊರಟರೆ ಊರಿಗೆ ಕೊನೆಯ ಬಸ್ಸು ಸಿಗುತ್ತಿರಲಿಲ್ಲ. ಹಾಸ್ಟೆಲಿಗೆ ದುಡ್ಡಿರಲಿಲ್ಲ. ಅವಳಿಗೆ ಅವಕಾಶ ಇತ್ತು, ಕಾಲೇಜು ಎಟಕಲಿಲ್ಲ. ನಮ್ಮ ವರದಿಯ ಯಾವ ಸಾಲಿನಲ್ಲೂ ಅವಳಿಲ್ಲ.

ಅದಕ್ಕೇ ‘ನಿಲುಕು’ ಎಂಬ ಪದ ಹೊಳೆಯಿತು. ‘ಊಹೆಗೂ ನಿಲುಕದ’ ಅನ್ನುತ್ತೇವಲ್ಲ, ಅದೇ. ‘ಉನ್ನತ ಶಿಕ್ಷಣದ ನಿಲುಕು’ ಅಂದರೆ ಓದುಗರಿಗೆ ಕೂಡಲೇ ಅರ್ಥವಾದೀತೇ? ‘ಎಟಕು’ ನಮ್ಮ ಬಾಯಲ್ಲಿ ಜಾಸ್ತಿ ಓಡಾಡುತ್ತದೆ, ಆದರೆ ‘ಎಟಕುವಿಕೆ’ ಅಂತ ಮಾಡಿದರೆ ನಾಲಿಗೆ ತಡವರಿಸುತ್ತದೆ. ಜೊತೆಗೆ ‘ಫೇರ್ ಆಕ್ಸೆಸ್’ನ ಫೇರ್ ಅನ್ನುವುದಕ್ಕೆ ‘ಸಮಾನ’ ಸಾಲದು. ಎಲ್ಲರಿಗೂ ಒಂದೇ ಅರ್ಜಿ, ಒಂದೇ ಶುಲ್ಕ ಇಟ್ಟರೆ ಅದು ಸಮಾನ. ಬಸ್ಸಿಲ್ಲದವಳನ್ನು ಲೆಕ್ಕಕ್ಕೆ ತೆಗೆದುಕೊಂಡರೆ ನ್ಯಾಯ. ‘ನ್ಯಾಯದ ನಿಲುಕು’ ಎಂದು ಸದ್ಯಕ್ಕೆ ಬರೆದಿಟ್ಟಿದ್ದೇನೆ.

ಕುಂದಾಪುರ, ಕಾರ್ಕಳ, ಪುತ್ತೂರಿನ ಕಡೆ ಇದಕ್ಕೆ ಬೇರೆ ಮಾತು ಬಳಕೆಯಲ್ಲಿದ್ದರೆ ದಯವಿಟ್ಟು ತಿಳಿಸಿ.