ಜಾಂಗೋದಲ್ಲಿ ಅಪ್‌ಲೋಡ್ ಮಾಡಿದ ಫೈಲಿನ ಕನ್ನಡ ಹೆಸರು ಕೆಡುತ್ತಿದೆ, ಕಾರಣವೇನು?

ಪ್ರಶ್ನೆ (ರಾಜಾಜಿನಗರದಿಂದ)

ಎಲ್ಲರಿಗೂ ನಮಸ್ಕಾರ. ನಮ್ಮ ಬಡಾವಣೆಯ ಕನ್ನಡ ಸಂಘ ರಾಜ್ಯೋತ್ಸವಕ್ಕೆಂದು ವರ್ಷವರ್ಷವೂ ಹೊರತಂದಿರುವ ಸ್ಮರಣ ಸಂಚಿಕೆಗಳನ್ನು ಸ್ಕ್ಯಾನ್ ಮಾಡಿಸಿ, ಸಂಘದ ಸದಸ್ಯರು ಮನೆಯಲ್ಲೇ ಕುಳಿತು ಓದಲು ಅನುಕೂಲವಾಗುವಂತೆ ಜಾಂಗೋದಲ್ಲಿ (ಪೈಥಾನ್ ಭಾಷೆಯಲ್ಲಿ ಜಾಲತಾಣ ಕಟ್ಟಲು ಬಳಸುವ ಸಿದ್ಧ ಚೌಕಟ್ಟು) ಒಂದು ಚಿಕ್ಕ ಜಾಲತಾಣ ಕಟ್ಟುತ್ತಿದ್ದೇನೆ. ನಾನು ಓದಿದ್ದು ವಾಣಿಜ್ಯ; ಪೈಥಾನ್ ಕಲಿಯಲು ಆರಂಭಿಸಿದ್ದು ಈಚೆಗೆ. ಆದ್ದರಿಂದ ಮೊದಲ ಹೆಜ್ಜೆಯಿಂದಲೇ ವಿವರಿಸಿದರೆ ಉಪಕಾರವಾಗುತ್ತದೆ.

ನಾನೇ ಬರೆದ ಫಾರ್ಮಿನಿಂದ ಸಂಚಿಕೆಯೊಂದನ್ನು ಸೇರಿಸಿದಾಗ ಶೀರ್ಷಿಕೆ ಮತ್ತು ವರ್ಷ ಸರಿಯಾಗಿ ಬರುತ್ತವೆ, ಪಿಡಿಎಫ್ ಮಾತ್ರ ಬರುವುದಿಲ್ಲ. ಫೈಲನ್ನು ಆರಿಸಿದ್ದರೂ ಆ ಜಾಗ ಖಾಲಿ ಇದೆಯೆಂಬ ದೋಷಸಂದೇಶ ಕಾಣಿಸುತ್ತದೆ. ಅದೇ ಫೈಲನ್ನು ಜಾಂಗೋ ತಾನೇ ಒದಗಿಸುವ ಅಡ್ಮಿನ್ ಪುಟದಿಂದ ಹಾಕಿದರೆ ಉಳಿಯುತ್ತದೆ. ಆದರೆ ಅಲ್ಲಿ ಇನ್ನೊಂದು ತೊಂದರೆ ಇದೆ. "ಪುಸ್ತಕ" ಎಂಬ ಹೆಸರಿನ ಫೈಲ್ ಡಿಸ್ಕಿನಲ್ಲಿ "ಪಸತಕ" ಎಂದಾಗಿದೆ, "ಬೆಂಗಳೂರು" ಎಂಬುದು "ಬಗಳರ" ಆಗಿದೆ. ಡೇಟಾಬೇಸಿನ ಎನ್‌ಕೋಡಿಂಗ್ ಯುಟಿಎಫ್-8 ಎಂಬುದನ್ನು ಖಚಿತಪಡಿಸಿಕೊಂಡಿದ್ದೇನೆ. ಹೆಸರು ಹೀಗೆ ಕೆಡುವುದೇಕೆ, ಸರಿಪಡಿಸುವುದು ಹೇಗೆ?

ಉತ್ತರ (ಜಯನಗರದಿಂದ)

ನಮಸ್ಕಾರ. ಮೊದಲನೆಯದು ಸುಲಭದ್ದು. ಎಚ್‌ಟಿಎಂಎಲ್ ಫಾರ್ಮ್ ತಾನಾಗಿ ಫೈಲಿನ ಒಳಗಿನದನ್ನು ಕಳುಹಿಸುವುದಿಲ್ಲ. ಫಾರ್ಮ್ ಟ್ಯಾಗಿನಲ್ಲಿ ವಿಧಾನ ಪೋಸ್ಟ್ ಎಂದಿರಬೇಕು, ಎನ್‌ಕ್‌ಟೈಪ್ (ಮಾಹಿತಿಯನ್ನು ಯಾವ ರೂಪದಲ್ಲಿ ಕಳುಹಿಸಬೇಕೆಂಬ ಸೂಚನೆ) ಎಂಬಲ್ಲಿ "ಮಲ್ಟಿಪಾರ್ಟ್/ಫಾರ್ಮ್-ಡೇಟಾ" ಎಂದಿರಬೇಕು. ಎರಡರಲ್ಲಿ ಒಂದು ತಪ್ಪಿದರೂ ರಿಕ್ವೆಸ್ಟ್‌ನ ಫೈಲ್ಸ್ ಖಾಲಿಯಾಗಿಯೇ ಬರುತ್ತದೆ. ಜೊತೆಗೆ ವ್ಯೂನಲ್ಲಿ (ಬ್ರೌಸರಿನ ಕೋರಿಕೆಗೆ ಉತ್ತರ ಕೊಡುವ ಕೋಡ್) ಫಾರ್ಮನ್ನು ರಚಿಸುವಾಗ ಪೋಸ್ಟ್ ಮಾಹಿತಿಯನ್ನು ಮೊದಲನೆಯದಾಗಿ, ಫೈಲ್ಸನ್ನು ಎರಡನೆಯದಾಗಿ ಕೊಡಬೇಕು. ಅಡ್ಮಿನ್ ಪುಟದಲ್ಲಿ ಕೆಲಸ ನಡೆಯುವುದಕ್ಕೆ ಕಾರಣ, ಮಾಡೆಲ್‌ನಲ್ಲಿ (ದಾಖಲೆಯ ರಚನೆಯನ್ನು ಹೇಳುವ ಕೋಡ್) ಫೈಲ್ ಫೀಲ್ಡ್ ಇರುವುದನ್ನು ಕಂಡು ಜಾಂಗೋ ಅಲ್ಲಿ ಎನ್‌ಕ್‌ಟೈಪನ್ನು ತಾನೇ ಬರೆದುಕೊಳ್ಳುವುದು.

ಹೆಸರಿನ ವಿಷಯವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು, ಏಕೆಂದರೆ ಭಾರತೀಯ ಭಾಷೆಗಳಲ್ಲಿ ಕೆಲಸ ಮಾಡುವವರೆಲ್ಲರಿಗೂ ಇದು ಎದುರಾಗುತ್ತದೆ. ನಿಮ್ಮ ಡೇಟಾಬೇಸಿನಲ್ಲಿ ಏನೂ ದೋಷವಿಲ್ಲ. ಫೈಲನ್ನು ಉಳಿಸುವ ಮುನ್ನ ಜಾಂಗೋ ಅದರ ಹೆಸರನ್ನು ಶುದ್ಧಗೊಳಿಸುತ್ತದೆ: ಖಾಲಿ ಜಾಗಗಳನ್ನು ಅಂಡರ್‌ಸ್ಕೋರ್ ಮಾಡಿ, ಅಕ್ಷರ, ಅಂಕಿ, ಅಂಡರ್‌ಸ್ಕೋರ್, ಅಡ್ಡಗೆರೆ ಮತ್ತು ಚುಕ್ಕಿಯನ್ನು ಬಿಟ್ಟು ಉಳಿದುದನ್ನೆಲ್ಲ ತೆಗೆದುಹಾಕುತ್ತದೆ. ಯಾವುದು ಅಕ್ಷರ ಎಂಬುದನ್ನು ತೀರ್ಮಾನಿಸುವುದು ಪೈಥಾನಿನ ರೆಗ್ಯುಲರ್ ಎಕ್ಸ್‌ಪ್ರೆಶನ್ (ಪಠ್ಯದಲ್ಲಿ ಮಾದರಿಗಳನ್ನು ಹುಡುಕುವ ಸೂತ್ರ). ಯೂನಿಕೋಡ್‌ನಲ್ಲಿ ಕ, ನ, ಪ ಮುಂತಾದವು ಅಕ್ಷರಗಳ ವರ್ಗಕ್ಕೆ ಸೇರಿದ್ದರೆ, ಇಕಾರ ಉಕಾರದಂತಹ ಸ್ವರಚಿಹ್ನೆಗಳು, ಅನುಸ್ವಾರ ಮತ್ತು ಹಲಂತದ ಗುರುತು "ಚಿಹ್ನೆ" ಎಂಬ ಬೇರೆ ವರ್ಗಕ್ಕೆ ಸೇರಿವೆ. ಪೈಥಾನ್ ಅವುಗಳನ್ನು ಅಕ್ಷರವೆಂದು ಎಣಿಸುವುದಿಲ್ಲ. ಹೀಗಾಗಿ ಕಾಗುಣಿತವೂ ಒತ್ತೂ ಕಳಚಿಹೋಗಿ ಬರೀ ಮೂಲಾಕ್ಷರಗಳು ಉಳಿಯುತ್ತವೆ. ಹಿಂದಿ, ತಮಿಳು, ತೆಲುಗಿನ ಹೆಸರುಗಳಿಗೂ ಇದೇ ಗತಿ.

"ಕಲೆ", "ಕಾಲ", "ಕೊಲೆ" ಎಂಬ ಮೂರು ಹೆಸರುಗಳೂ ಈ ಕ್ರಮದಲ್ಲಿ "ಕಲ" ಎಂದೇ ಆಗುತ್ತವೆ. ಅದರಿಂದ ಒಂದು ಫೈಲಿನ ಮೇಲೆ ಇನ್ನೊಂದು ಬರೆದುಹೋಗುವುದಿಲ್ಲ. ಅದೇ ಹೆಸರಿನ ಫೈಲ್ ಆಗಲೇ ಇದ್ದರೆ ಜಾಂಗೋ ಹೊಸದಕ್ಕೆ ಒಂದು ಅಂಡರ್‌ಸ್ಕೋರ್ ಮತ್ತು 7 ಯಾದೃಚ್ಛಿಕ ಅಕ್ಷರಗಳನ್ನು ಸೇರಿಸುತ್ತದೆ. ಆದರೆ ಡಿಸ್ಕಿನಲ್ಲಿ ನೋಡಿ ಯಾವುದು ಯಾವ ಸಂಚಿಕೆಯೆಂದು ತಿಳಿಯುವ ಆಸೆಯನ್ನು ಬಿಡಬೇಕಾಗುತ್ತದೆ.

ಮರುಪ್ರಶ್ನೆ (ರಾಜಾಜಿನಗರದಿಂದ)

ತುಂಬಾ ಧನ್ಯವಾದಗಳು. ಫಾರ್ಮ್ ಈಗ ಸರಿಯಾಗಿ ಕೆಲಸ ಮಾಡುತ್ತಿದೆ. ಹೆಸರನ್ನು ನಾನೇ ಒಂದು ಫಂಕ್ಷನ್‌ನಲ್ಲಿ ರೂಪಿಸಿ ಅಪ್‌ಲೋಡ್-ಟು (ಫೈಲನ್ನು ಎಲ್ಲಿ, ಯಾವ ಹೆಸರಿನಲ್ಲಿ ಇಡಬೇಕೆಂದು ಹೇಳುವ ಆಯ್ಕೆ) ಎಂಬಲ್ಲಿ ಕೊಟ್ಟರೆ, ಅಥವಾ ಸ್ಲಗಿಫೈಗೆ (ಪಠ್ಯವನ್ನು ಜಾಲವಿಳಾಸಕ್ಕೆ ಹೊಂದುವಂತೆ ಮಾಡುವ ಜಾಂಗೋದ ಫಂಕ್ಷನ್) ಯೂನಿಕೋಡ್ ಅನುಮತಿ ಕೊಟ್ಟು ಬಳಸಿದರೆ ಕನ್ನಡ ಉಳಿಯುತ್ತದೆಯೇ? ಇನ್ನೊಂದು ವಿಷಯ: ಬಾಡಿಗೆಯ ಸರ್ವರಿಗೆ ಹಾಕಿದ ಮೇಲೆ ಸಂಚಿಕೆಯ ಕೊಂಡಿ ಒತ್ತಿದರೆ 404 (ಸಿಗಲಿಲ್ಲ ಎಂಬ ದೋಷ) ಬರುತ್ತಿದೆ, ದೊಡ್ಡ ಪಿಡಿಎಫ್ ಹಾಕಲು ಹೋದರೆ 413 (ಕೋರಿಕೆ ತೀರ ದೊಡ್ಡದು ಎಂಬ ದೋಷ) ಬರುತ್ತಿದೆ. ನನ್ನ ಲ್ಯಾಪ್‌ಟಾಪಿನಲ್ಲಿ ಇವೆರಡೂ ಇರಲಿಲ್ಲ.

ಉತ್ತರ (ಜಯನಗರದಿಂದ)

ಎರಡರಿಂದಲೂ ಉಳಿಯುವುದಿಲ್ಲ. ಸ್ಲಗಿಫೈ ಕೂಡ ಅದೇ ನಿಯಮದಿಂದ ಅಕ್ಷರವನ್ನು ಗುರುತಿಸುತ್ತದೆ. ಅಪ್‌ಲೋಡ್-ಟು ಫಂಕ್ಷನ್ ಹಿಂದಿರುಗಿಸಿದ ಹೆಸರನ್ನೂ ಜಾಂಗೋ ಕೊನೆಯಲ್ಲಿ ಮತ್ತೊಮ್ಮೆ ಶುದ್ಧಗೊಳಿಸುತ್ತದೆ. ಫೈಲುಗಳನ್ನು ಉಳಿಸುವ ಸ್ಟೋರೇಜ್ ಕ್ಲಾಸನ್ನು ವಿಸ್ತರಿಸಿ ಆ ನಿಯಮವನ್ನೇ ಬದಲಿಸಬಹುದು, ಆದರೆ ನಾನು ಅದನ್ನು ಸಲಹೆ ಮಾಡುವುದಿಲ್ಲ. ಲಿನಕ್ಸ್‌ನಲ್ಲಿ ಫೈಲಿನ ಹೆಸರಿಗೆ ಸಾಮಾನ್ಯವಾಗಿ 255 ಬೈಟ್‌ಗಳ ಮಿತಿ ಇದೆ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ, ಪ್ರತಿ ಚಿಹ್ನೆಗೂ 3 ಬೈಟ್ ಬೇಕಾಗುವುದರಿಂದ 85ಕ್ಕೆ ಮಿತಿ ಮುಗಿಯುತ್ತದೆ. ಡೇಟಾಬೇಸಿನಲ್ಲಿ ಫೈಲ್ ಫೀಲ್ಡ್ ಇಡುವುದು ಫೈಲನ್ನಲ್ಲ, ಅದರ ಹಾದಿಯನ್ನು ಮಾತ್ರ. ಆ ಹಾದಿಗೂ, ಫೋಲ್ಡರಿನ ಹೆಸರು ಸೇರಿ, ಬೇರೆ ಹೇಳದಿದ್ದರೆ 100 ಅಕ್ಷರಗಳ ಮಿತಿ ಇದೆ.

ನನ್ನ ಖಚಿತವಾದ ಅಭಿಪ್ರಾಯವೆಂದರೆ, ಕನ್ನಡ ಹೆಸರಿಗೆ ಸರಿಯಾದ ಸ್ಥಳ ಡೇಟಾಬೇಸಿನ ಶೀರ್ಷಿಕೆಯ ಅಂಕಣ, ಡಿಸ್ಕ್ ಅಲ್ಲ. ಡಿಸ್ಕಿನಲ್ಲಿ ಯುಯುಐಡಿಯಿಂದ (ಮರುಕಳಿಸದಂತೆ ಹುಟ್ಟಿಸುವ ಗುರುತುಸಂಖ್ಯೆ) ಹುಟ್ಟಿಸಿದ ಹೆಸರನ್ನಿಡಿ. ಶೀರ್ಷಿಕೆಯನ್ನು ಫೈಲಿನ ಹೆಸರಿನಿಂದ ಎತ್ತಿಕೊಳ್ಳದೆ ಫಾರ್ಮಿನಲ್ಲಿ ಪ್ರತ್ಯೇಕವಾಗಿಯೇ ಕೇಳಿ, ಏಕೆಂದರೆ ಅಪ್‌ಲೋಡ್ ಆದ ಹೆಸರಿನಿಂದ ಜಾಂಗೋ ಕಣ್ಣಿಗೆ ಕಾಣದ ಸಂಕೇತಗಳನ್ನು ಆರಂಭದಲ್ಲೇ ತೆಗೆಯುತ್ತದೆ, ಕನ್ನಡದಲ್ಲಿ ಒತ್ತಕ್ಷರವಾಗದಂತೆ ಬಿಡಿಸಿ ಬರೆಯಲು ನಾವು ಬಳಸುವ ಸಂಕೇತವೂ ಅದರಲ್ಲಿ ಸೇರಿದೆ. ಓದುಗರು ಇಳಿಸಿಕೊಳ್ಳುವಾಗ ಕನ್ನಡ ಹೆಸರೇ ಬೇಕೆಂದರೆ ಫೈಲನ್ನು ಬ್ರೌಸರಿಗೆ ಕಳುಹಿಸುವ ಫೈಲ್ ರೆಸ್ಪಾನ್ಸ್‌ಗೆ ಶೀರ್ಷಿಕೆಯನ್ನು ಹೆಸರಾಗಿ ಕೊಡಿ. ಅದನ್ನು ಬ್ರೌಸರಿಗೆ ಅರ್ಥವಾಗುವಂತೆ ಎನ್‌ಕೋಡ್ ಮಾಡುವ ಕೆಲಸವನ್ನು ಜಾಂಗೋ ನೋಡಿಕೊಳ್ಳುತ್ತದೆ, ಕಾಗುಣಿತ ಒಂದಿಷ್ಟೂ ಕೆಡುವುದಿಲ್ಲ.

ಉತ್ತರ (ಮಲ್ಲೇಶ್ವರದಿಂದ)

ಮೇಲಿನ ಉತ್ತರಕ್ಕೆ ಸರ್ವರಿನ ಕಡೆಯ ಮಾತುಗಳನ್ನು ಸೇರಿಸುತ್ತೇನೆ. ಲ್ಯಾಪ್‌ಟಾಪಿನಲ್ಲಿ ಡಿಬಗ್ (ಜಾಲತಾಣ ಕಟ್ಟುವಾಗ ಬಳಸುವ ಸ್ಥಿತಿ) ಆನ್ ಆಗಿರುವುದರಿಂದ ಯುಆರ್‌ಎಲ್ ಪಟ್ಟಿಗೆ ಸೇರಿಸಿದ ಸಹಾಯಕ ಫಂಕ್ಷನ್ ಮೀಡಿಯಾ ಫೈಲುಗಳನ್ನು (ಅಪ್‌ಲೋಡ್ ಆದ ಫೈಲುಗಳನ್ನು) ಒದಗಿಸುತ್ತಿತ್ತು. ಡಿಬಗ್ ಆಫ್ ಆದೊಡನೆ ಅದು ಏನನ್ನೂ ಕೊಡುವುದಿಲ್ಲ, ಅದಕ್ಕೇ 404. 413 ಜಾಂಗೋದಿಂದ ಬಂದದ್ದಲ್ಲ. ನೀವು ಜಾಂಗೋದ ಮುಂದೆ ಎಂಜಿನ್‌ಎಕ್ಸ್ ಎಂಬ ವೆಬ್ ಸರ್ವರ್ ಬಳಸುತ್ತಿದ್ದರೆ, ಅದು ಮೂಲತಃ 1 ಎಂಬಿಗಿಂತ ದೊಡ್ಡ ಕೋರಿಕೆಯನ್ನು ಬಾಗಿಲಲ್ಲೇ ತಡೆಯುತ್ತದೆ. ಅದರ ಸಂರಚನೆಯಲ್ಲಿ ಕ್ಲೈಂಟ್ ಮ್ಯಾಕ್ಸ್ ಬಾಡಿ ಸೈಜನ್ನು ಹೆಚ್ಚಿಸಬೇಕು. ಅನೇಕರು ಇದಕ್ಕಾಗಿ ಜಾಂಗೋದ 2.5 ಎಂಬಿ ಎಂಬ ಸಂಖ್ಯೆಯನ್ನು ಹುಡುಕಿ ಬದಲಿಸುತ್ತಾರೆ. ಅದು ಮಿತಿಯೇ ಅಲ್ಲ: ಅಷ್ಟರವರೆಗಿನ ಫೈಲನ್ನು ಮೆಮೊರಿಯಲ್ಲಿ, ಅದಕ್ಕಿಂತ ದೊಡ್ಡದನ್ನು ತಾತ್ಕಾಲಿಕ ಫೈಲಿನಲ್ಲಿ ಇಟ್ಟುಕೊಳ್ಳುತ್ತದೆ, ಅಷ್ಟೆ.

ಸಂಚಿಕೆಗಳನ್ನು ಸದಸ್ಯರು ಮಾತ್ರ ಓದಬೇಕೆಂದಿದ್ದರೆ ಮೀಡಿಯಾ ಫೋಲ್ಡರನ್ನು ಎಂಜಿನ್‌ಎಕ್ಸ್ ಮೂಲಕ ನೇರವಾಗಿ ತೆರೆದಿಡಬೇಡಿ, ಕೊಂಡಿ ಸಿಕ್ಕವರೆಲ್ಲ ಓದಬಹುದು. ಲಾಗಿನ್ ಪರೀಕ್ಷಿಸುವ ವ್ಯೂ ಒಂದರಿಂದ, ಮೇಲೆ ಹೇಳಿದ ಫೈಲ್ ರೆಸ್ಪಾನ್ಸ್ ಮೂಲಕವೇ ಕೊಡಿ. ನಿಮ್ಮ ಸಂಘದ ಪ್ರಮಾಣಕ್ಕೆ ಅದು ಸಾಕು. ಅಪ್‌ಲೋಡ್ ಮಾಡುವ ಹಕ್ಕನ್ನು ಹಲವರಿಗೆ ಕೊಡುವುದಾದರೆ ಫೈಲಿನ ವಿಸ್ತರಣೆಯನ್ನು ಪರೀಕ್ಷಿಸುವ ವ್ಯಾಲಿಡೇಟರನ್ನು ಹಾಕಿ, ಆದರೆ ಅದನ್ನೇ ನಂಬಿ ಕೂರಬೇಡಿ, ಅದು ನೋಡುವುದು ಹೆಸರಿನ ಬಾಲವನ್ನು ಮಾತ್ರ. ಬ್ರೌಸರ್ ಹೇಳುವ ಕಂಟೆಂಟ್ ಟೈಪ್ (ಫೈಲಿನ ಬಗೆ) ಕೂಡ ಕಳುಹಿಸಿದವರ ಮಾತೇ ಹೊರತು ಸಾಕ್ಷ್ಯವಲ್ಲ.

ಕೇಳದಿದ್ದರೂ ಒಂದನ್ನು ಹೇಳಲೇಬೇಕು. ಅಡ್ಮಿನ್‌ನಲ್ಲಿ ಸಂಚಿಕೆಯ ದಾಖಲೆಯನ್ನು ಅಳಿಸಿದರೆ ಪಿಡಿಎಫ್ ಅಳಿಯುವುದಿಲ್ಲ. 2011ರಲ್ಲಿ ಬಂದ 1.3ನೆಯ ಆವೃತ್ತಿಯಿಂದ ಜಾಂಗೋ ಬೇಕೆಂದೇ ಹೀಗೆ ಮಾಡಿದೆ, ಏಕೆಂದರೆ ಡೇಟಾಬೇಸಿನ ವಹಿವಾಟು ರದ್ದಾದರೆ ದಾಖಲೆ ಮರಳಿ ಬರುತ್ತದೆ, ಅಳಿಸಿದ ಫೈಲ್ ಮರಳುವುದಿಲ್ಲ. ಮತ್ತೆ ಮುದ್ರಿಸಲಾಗದ ಹಳೆಯ ಸಂಚಿಕೆಗಳ ವಿಷಯದಲ್ಲಿ ಈ ಎಚ್ಚರ ನನಗೆ ಸರಿಯೆನಿಸುತ್ತದೆ. ಇದೇ ಕಾರಣಕ್ಕೆ ಬ್ಯಾಕಪ್ ತೆಗೆಯುವಾಗ ಡೇಟಾಬೇಸಿನ ಜೊತೆಗೆ ಮೀಡಿಯಾ ಫೋಲ್ಡರನ್ನೂ ತಪ್ಪದೆ ತೆಗೆಯಿರಿ. ಡಿಸ್ಕಿನಲ್ಲಿ ಯುಯುಐಡಿ ಹೆಸರುಗಳನ್ನು ಇಟ್ಟ ಮೇಲೆ ಯಾವ ಪಿಡಿಎಫ್ ಯಾವ ವರ್ಷದ್ದೆಂದು ಹೇಳಬಲ್ಲದ್ದು ಡೇಟಾಬೇಸ್ ಒಂದೇ ಆಗಿರುವುದರಿಂದ, ಎರಡನ್ನೂ ಒಂದೇ ಹೊತ್ತಿನಲ್ಲಿ ತೆಗೆದು ಒಟ್ಟಿಗೆ ಇಡುವುದು ಅಗತ್ಯ.